ಕರಿಯಕ್ಕ ತೋರಿಸಿದ ಕರಡಿ

ಹಲೋ… ಹಲೋ, ಯಾರು ಮಾತಾಡೋದು?…

ಯಾರು? ಕೇಳಿಸ್ತಿಲ್ಲ, ಸ್ವಲ್ಪ ಜೋರಾಗಿ ಮಾತಾಡಿ… ಓ, ಲೋಹಿತಕ್ಕಾ! ನೀನಾ? ಇದ್ಯಾರ ಫೋನಿಂದ ಮಾಡ್ತಿದ್ದೀಯ? ಗೊತ್ತಿಲ್ಲದ ನಂಬರು, ಎತ್ತೋದೋ ಬೇಡ್ವೋ ಅಂತ ನೋಡ್ತಾ ಕೂತಿದ್ದೆ…

ಅಳ್ತಿದ್ದೀಯಾ? ಅಯ್ಯೋ, ಯಾಕಕ್ಕ? ಹೊಳವನಹಳ್ಳೀಲಿ ಎಲ್ಲಾ ಚೆನ್ನಾಗವ್ರೆ ತಾನೆ? ಭಾವ ಹೆಂಗವ್ರೆ?…

ನಮ್ಮತ್ತೆಗಾ? ಕಾಲಾ?… ನಿಂಗ್ಯಾರು ಹೇಳಿದ್ದು?…

ಹಾಂ… ಮೋಟ್ರು ವೈಂಡಿಂಗ್ ಮಾಡ್ತಾನಲ್ಲ, ಆ ಚನ್ನಮಲ್ಲಯ್ಯನಾ? ಅವನಿಗೆ ಹೆಂಗೆ ಗೊತ್ತಾಯ್ತಂತೆ?… ಡೀಲರುಗಳ ಗ್ರೂಪಲ್ಲಿ ಬಂದಿತ್ತಾ. ಏನಂತ? ಓದಿ ಹೇಳಿದ್ನಾ?… 'ಮಧುಗಿರಿ ಗೋಪಾಲ್ ಅವರ ತಾಯಿ ಕರಿಯಕ್ಕ ಅಲಾಸ್ಕದ ಕಾಡಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ, ಪರಿಸ್ಥಿತಿ ಗಂಭೀರ.' ಗಂಭೀರ ಅಂತ ಬೇರೆ ಹಾಕವ್ರಾ! ಹ್ಹಹ್ಹಹ್ಹ… ಅಯ್ಯೋ ದೇವ್ರೇ…

ಇಲ್ಲಕ್ಕ, ಬೈಬೇಡ. ನಗಬಾರದು, ಗೊತ್ತು. ಆದ್ರೆ ಕಾಲೂ ಮುರಿದಿಲ್ಲ, ಕಿರುಬೆರಳೂ ಮುರಿದಿಲ್ಲ. ನಾವು ವಾಪಸ್ ದೊಡ್ಡೇರಿಗೆ ಬಂದು ಮೂರು ದಿನ ಆಯ್ತು. ಅಲ್ಲಿ ರಾತ್ರಿ ಅಂದ್ರೆ ಇಲ್ಲಿ ಹಗಲು, ನಾನು, ಇವರು ಇಬ್ರೂ ಹಗಲೆಲ್ಲಾ ಕೊರಡಿನಂಗೆ ಮಲಗ್ತೀವಿ, ರಾತ್ರಿ ಪಿಳಿಪಿಳಿ ಕಣ್ಣು ಬಿಟ್ಕಂಡು ಕೂತ್ಕತೀವಿ. ಅದಕ್ಕೇ ನಿಂಗೆ ಫೋನ್ ಮಾಡಕ್ಕಾಗಿಲ್ಲ. ಅತ್ತೆ ಮಾತ್ರ ಬಂದ ದಿನಾನೇ ಕುರಿ ಹೊಡ್ಕಂಡು ಹೋದ್ರು. ಈಗ್ಲೂ ಹಟ್ಟಿ ಬಾಗ್ಲಲ್ಲಿ ಯಾರನ್ನೋ ನಿಲ್ಲಿಸ್ಕಂಡು ಕತೆ ಹೇಳ್ತಾವ್ರೆ…

ನಿನ್ನಾಣೆ ಕಣಕ್ಕ…

ಬಿದ್ದಿದ್ದು ನಿಜ. ಮುರಿದಿದ್ದು ಸುಳ್ಳು. ಬಿದ್ದಿದ್ದೂ ಕಾಲು ಜಾರಿ ಬಿದ್ದಿದ್ದಲ್ಲ, ಬೇಕಂತ ಬಿದ್ದಿದ್ದು. ದೊಡ್ಡ ಕತೆ ಅದು. ಒಲೆ ಮೇಲೇನಾದ್ರೂ ಇಟ್ಟಿದ್ದೀಯಾ?… ಸಾರಾ? ಆಫ್ ಮಾಡ್ಬುಟ್ಟು ಬಾ, ಕಾಯ್ತೀನಿ…

ಬಂದ್ಯಾ? ಸರಿ ಕೇಳು. ಇವರ ಅಂಗಡಿ ಗೊತ್ತಲ್ಲ, ಮಧುಗಿರೀಲಿ ಬೋರ್‌ವೆಲ್ ಮೋಟ್ರು ಮಾರೋದು. ಈ ಸಲ ಕಂಪ್ನಿಯೋರು ಜಾಸ್ತಿ ಮಾರಿದ ಡೀಲರುಗಳನ್ನೆಲ್ಲ ಮನೆಯೋರ ಸಮೇತ ಹಡಗಲ್ಲಿ ಟೂರ್ ಕರ್ಕೊಂಡೋದ್ರು… ಹೂಂ, ಅದೇ ಅಲಾಸ್ಕ. ಅಮೆರಿಕದ ತಲೆ ಮೇಲೆ ಬರ್ತದೆ. ಮಂಜಿನ ಬೆಟ್ಟ, ಸಮುದ್ರ, ಕಾಡು, ಇಷ್ಟೇ. ಒಬ್ಬೊಬ್ಬ ಡೀಲರಿಗೆ ಮೂರು ಟಿಕೆಟ್ಟು. ನಮ್ಮ ಮಂಜುಶ್ರೀ ಕಾಲೇಜು ಶುರುವಾಗೈತೆ ಬರಲ್ಲಮ್ಮ ಅಂದ್ಲು. ಸರಿ, ಒಂದು ಟಿಕೆಟ್ಟು ವಾಪಸ್ ಕೊಟ್ಬುಡ್ತೀನಿ ಅಂತ ಇವರು ಫೋನಲ್ಲಿ ಹೇಳ್ತಿದ್ರು. ಅತ್ತೆ ಕಡಲೆಕಾಯಿ ಬಿಡಿಸ್ತಾ ಕೂತಿದ್ದೋರು ತಲೆ ಎತ್ತಿ, 'ಲೇ ಗೋಪಾಲ, ನಾನು ಬದುಕಿದ್ದೀನಿ ಕಣ್ಲಾ' ಅಂದ್ರು. ಅಷ್ಟೇ…

ವೀಸಾ ಹೆಂಗೆ ಕೊಟ್ರು ಅಂತಾನಾ? ಚೆನ್ನೈಗೆ ಹೋದ್ರೆ ಬೆರಳಚ್ಚೇ ಮೂಡ್ಲಿಲ್ಲ ಕಣಕ್ಕ. ಐವತ್ತು ವರ್ಷ ಹಗ್ಗ ಹೊಸೆದು, ಉಣ್ಣೆ ಕತ್ತರಿಸಿ, ಬೆರಳ ಗೆರೆ ಎಲ್ಲಾ ಸವೆದೋಗವೆ. ಆರು ಸಲ ಒತ್ತಿಸಿದ್ರು. ಆಮೇಲೆ ಆ ಆಫೀಸರಮ್ಮ 'ಹೋದೋರು ಅಲ್ಲೇ ಉಳ್ಕಂಡ್ಬುಟ್ರೆ?' ಅಂತ ಕೇಳಿಸಿದ್ಲು. ಅತ್ತೆ, 'ಮೂವತ್ತೆಂಟು ಕುರಿ ಬುಟ್ಟು ಬತ್ತಾ ಇವ್ನಿ ತಾಯಿ. ನಾನು ಅಲ್ಲೇ ಉಳ್ಕಂಡ್ರೆ ನೀನು ಬಂದು ಮೇಯಿಸ್ತೀಯಾ?' ಅಂದ್ರು. ಆಯಮ್ಮ ನಗ್ತಾ ಪಾಸ್ ಮಾಡ್ಬುಟ್ಲು…

ಹಾಂ, ಬತ್ತೀನಿ, ಕಾಲಿನ ವಿಷಯಕ್ಕೇ ಬತ್ತೀನಿ. ಆದ್ರೆ ನಮ್ಮ ಕಷ್ಟ ಏನಿತ್ತು ಅಂತ ಮೊದ್ಲು ಕೇಳು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲೂಕಿಗೂ ಒಬ್ಬನೇ ಡಿಸ್ಟ್ರಿಬ್ಯೂಟರು ಅಂತ ಮಾಡ್ತಾರಂತೆ. ಯಾರಿಗೆ ಅಂತ ಮ್ಯಾನೇಜರ್ ಮೋಹನ್ ಕುಮಾರ್ ಸಾರು ಹಡಗಲ್ಲೇ ಕೊನೇ ದಿನದ ಊಟದಲ್ಲಿ ಹೇಳೋದು. ರೇಸಲ್ಲಿ ಇದ್ದೋರು ಇಬ್ರೇ. ಒಬ್ರು ಇವರು. ಇನ್ನೊಬ್ರು ಸಿರಾದ ಭೀಮರಾಜಣ್ಣ…

ಅದೇ, ಬಿಳೀ ಪ್ಯಾಂಟು, ಬಿಳೀ ಶೂಸು, ದೊಡ್ಡ ಗಂಟಲು. ನಿಂಗೆ ಗೊತ್ತಲ್ಲ. ಬೇರೆಯೋರಿಗೆ ಸಿಕ್ಕಿದ್ರೆ ಇವರು ಅವರ ಕೈಕೆಳಗೆ ಮಾಲು ಎತ್ಬೇಕು. ಹನ್ನೆರಡು ವರ್ಷ ಕಷ್ಟಪಟ್ಟು ಕಟ್ಟಿದ ಅಂಗಡಿ. ಅದಕ್ಕೆ ಇವರು ವಿಮಾನ ಹತ್ತೋಕೆ ಮುಂಚೆನೇ ಅತ್ತೆಗೆ ಪಾಠ ಮಾಡಿದ್ರು. ಅವ್ವಾ, ಎಲೆ ಅಡಿಕೆ ಹಾಕ್ಬೇಡ. ಅವ್ವಾ, ಜೋರಾಗಿ ಕೂಗ್ಬೇಡ. ಅವ್ವಾ, ಕಂಬಳಿ ತರ್ಬೇಡ, ಮಧುಗಿರೀಲಿ ಜರ್ಕಿನ್ ತಂದಿದ್ದೀನಿ. ಅತ್ತೆ ಎಲ್ಲಾದಕ್ಕೂ 'ಆಯ್ತು ಕಣಪ್ಪ' ಅಂದ್ರು. ಹಡಗಲ್ಲಿ ಸೂಟ್‌ಕೇಸ್ ತೆಗೆದ್ರೆ ಮೇಲ್ಗಡೆನೇ ಕಂಬಳಿ!…

ಹೊದ್ದರಾ? ಹೊದ್ದುಕೊಂಡೇ ಮೊದಲನೇ ದಿನ ಊಟಕ್ಕೆ ಬಂದ್ರು. ಹದಿಮೂರು ಅಂತಸ್ತಿನ ಹಡಗು ಕಣಕ್ಕ, ನೆಲ ಎಲ್ಲಾ ಕನ್ನಡಿಯಂಗೆ ಹೊಳೀತದೆ, ಮಧ್ಯದಲ್ಲಿ ನಮ್ಮತ್ತೆ ಕರೀ ಕಂಬಳಿ. ಭೀಮರಾಜಣ್ಣ ಎಲ್ಲರ ಮುಂದೆ, 'ಕರಿಯಕ್ಕ, ಹುಷಾರು, ಹಡಗಿನೋರು ಕುರಿ ಅಂತ ತಿಳ್ಕಂಡು ಲಗೇಜ್ ಜೊತೆ ಕೆಳಗಡೆ ಕಟ್ಟಾಕ್ಬುಟ್ಟಾರು' ಅಂದ್ರು. ಎಲ್ಲಾ ಹೋ ಅಂತ ನಕ್ರು. ಮ್ಯಾನೇಜರೂ ನಕ್ರು. ಮ್ಯಾನೇಜರು ನಕ್ರು ಅಂತ ನಮ್ಮೆಜಮಾನ್ರೂ ಹಲ್ಲು ಕಿರಿದ್ರು…

ಅದೇ ಅಲ್ವಾ! ನಂಗೂ ಅಂಗೇ ಉರೀತು. ಅತ್ತೆ ಮಾತ್ರ ಭೀಮರಾಜಣ್ಣನ ಮುಖಾನೇ ನೋಡ್ಕಂಡು ಒಂದು ಚೂರು ನಗ್ತಾ ಅನ್ನದ ತಟ್ಟೆ ಹಿಡ್ಕಂಡು ಹೋದ್ರು. ಅವರು ಅಂಗೆ ಸುಮ್ಮನೆ ನಕ್ರೆ ಏನೋ ಕಾದೈತೆ ಅಂತಾನೇ ಅರ್ಥ…

ಮೂರನೇ ದಿನ ಮಂಜಿನ ಬೆಟ್ಟದ ಹತ್ರ ಹಡಗು ಹೋಯ್ತು. ಹೆಂಗೆ ಹೇಳ್ಲಿ ನಿಂಗೆ… ನೀರಿಗೇ ಗೋಡೆ ಕಟ್ಟಿದಂಗೆ, ಬಿಳಿ ಅಂದ್ರೆ ಬರೀ ಬಿಳಿ ಅಲ್ಲ, ಒಳಗಡೆ ನೀಲಿ, ಬಟ್ಟೆಗೆ ನೀಲಿ ಹಾಕ್ತೀವಲ್ಲ ಅಂಥದ್ದು. ಮಂಜಿನ ಚೂರುಗಳ ಮೇಲೆ ನೀರುನಾಯಿ ಥರದ ದಪ್ಪದಪ್ಪ ಪ್ರಾಣಿ ಮಲಗಿದ್ವು, ಅದಕ್ಕೆ ಸೀಲ್ ಅಂತಾರಂತೆ. ಬೆಳಿಗ್ಗೆ ಒಂದು ತಿಮಿಂಗಿಲ ಬೆನ್ನು ತೋರಿಸಿ ಬುಸ್ ಅಂತ ನೀರು ಚಿಮ್ಮಿಸಿ ಮುಳುಗ್ತು. ಅತ್ತೆ, 'ಕೆರೇಲಿ ಎಮ್ಮೆ ಮುಳುಗಿದಂಗೆ ಮುಳುಗ್ತಲ್ಲೇ' ಅಂತ ಕೆನ್ನೆ ಹಿಡ್ಕಂಡ್ರು…

ಚಳಿನಾ? ಕೇಳ್ಬೇಡ. ನಾನು ಜರ್ಕಿನೊಳಗೇ ಗಡಗಡ. ಕಂಬಳಿಯೊಳಗೆ ಅತ್ತೆ ಆರಾಮು. ಒಂದು ಗಳಿಗೆ ಆದ್ಮೇಲೆ ನಾನೂ ನಾಚಿಕೆ ಬಿಟ್ಟು ಕಂಬಳಿಯೊಳಗೇ ನುಗ್ಗಿದೆ…

ಅಲ್ಲಿ ನೋಡು ಸುರುವಾಗಿದ್ದು. ಭೀಮರಾಜಣ್ಣ ಕತ್ತಿಗೆ ದುರ್ಬೀನು ನೇತಾಕ್ಕಂಡು, ಅಗೋ ಹದ್ದು, ಅಗೋ ಮೇಕೆ, ಅಂತ ಎಲ್ಲಾ ತಾನೇ ಮೊದ್ಲು ಕಂಡಂಗೆ ಕೂಗ್ತಿದ್ರು. ಅತ್ತೆ ಮೆಲ್ಲಗೆ ಹೋಗಿ, 'ಭೀಮರಾಜಪ್ಪ, ಅಗೋ ಆ ದಿಬ್ಬದ ಮ್ಯಾಲೆ, ಕಂದು ಬಣ್ಣದ್ದು… ಕರಡಿ ಅಲ್ವೇನಪ್ಪ?' ಅಂದ್ರು. ಭೀಮರಾಜಣ್ಣ ದುರ್ಬೀನು ಎತ್ತಿದ್ರು. 'ಬಿಲ್ಕುಲ್ ಕರಡಿ! ಕಿವಿ ಕಾಣ್ತು!' ಅಂತ ಕಿರುಚಿದ್ರು. ಮ್ಯಾನೇಜರ್ ಓಡಿ ಬಂದ್ರು. 'ಹೌದೌದು, ಅಲ್ಲಾಡ್ತು' ಅಂದ್ರು. ಅತ್ತೆ, 'ಪಕ್ಕದಾಗೆ ಎರಡು ಮರಿ ಬೇರೆ ಐತೆ ನೋಡಿ ಸಾಮಿ' ಅಂದ್ರು. ಮ್ಯಾನೇಜರಿಗೆ ಮರಿನೂ ಕಾಣ್ತು!…

ಬಂಡೆ ಕಣಕ್ಕ! ಬರೀ ಬಂಡೆ! ಹ್ಹಹ್ಹ… ಪಕ್ಕದಲ್ಲಿದ್ದಿದ್ದು ಎರಡು ಪೊದೆ. ಮುಕ್ಕಾಲು ಗಂಟೆ ಹನ್ನೊಂದು ಜನ ಡೀಲರುಗಳು ಹೆಂಡ್ತಿ ಸಮೇತ ಆ ಬಂಡೆ ಫೋಟೋ ತೆಗೆದ್ರು. ಭೀಮರಾಜಣ್ಣ 'ನಾನು ಕಂಡ ಕರಡಿ ಕುಟುಂಬ' ಅಂತ ಸ್ಟೇಟಸ್ ಹಾಕಿದ್ದಕ್ಕೆ ಸಿರಾದಲ್ಲಿ ಎಲ್ಲಾ ಕೈ ಮುಗಿದಿದ್ದೇ ಮುಗಿದಿದ್ದು. ಅಷ್ಟರಲ್ಲಿ ಇವರೆಲ್ಲರ ಬೆನ್ನ ಹಿಂದೆ ಗುಡುಗಿದಂಗೆ ಸದ್ದಾಯ್ತು. ತಿರುಗಿ ನೋಡಿದ್ರೆ ಮಂಜಿನ ಗೋಡೆ ಒಂದು ಕಡೆ ಪೂರ್ತಿ ಕಳಚಿ, ಅರಮನೆ ಕುಸಿದಂಗೆ ನೀರಿಗೆ ಬಿತ್ತು. ಅದನ್ನ ನೋಡಕ್ಕೇ ಅಲ್ವಾ ಅಷ್ಟು ದೂರ ಹೋಗಿದ್ದು? ನಮ್ಮ ಗುಂಪಲ್ಲಿ ನೋಡಿದ್ದು ಇಬ್ರೇ, ಅತ್ತೆ ಮತ್ತೆ ನಾನು. ಮಿಕ್ಕೋರೆಲ್ಲ ಬಂಡೆ ಕಡೆ ಮುಖ…

ಗೊತ್ತಾಗ್ದೆ ಇರ್ತದಾ? ಹಡಗಿನ ಗೈಡು ದೊಡ್ಡ ದುರ್ಬೀನು ತಂದು ನೋಡಿ, ಸಾರಿ, ಅದು ಕಲ್ಲು ಅಂದ. ಎಲ್ಲಾ ಫೋನು ಜೇಬಿಗೆ ಇಳಿಸಿದ್ರು. ಅತ್ತೆ ಕೆನ್ನೆಗೆ ಕೈ ಇಟ್ಕಂಡು, 'ಅಯ್ಯೋ, ನಂದು ಪೊರೆ ತೆಗೆಸಿದ ಕಣ್ಣು ಸಾಮಿ. ನೀವು ಓದಿದೋರು ಕಿವಿ ಕಾಣ್ತು, ಮರಿ ಕಾಣ್ತು ಅಂದ್ರಲ್ಲ, ಅದಕ್ಕೇ ನಾನೂ ನಂಬ್ಬುಟ್ಟೆ' ಅಂದ್ರು…

ಮ್ಯಾನೇಜರಾ? ಮುಖ ಕೆಂಪಗಾಯ್ತು. ಸೀದಾ ಒಳಗೆ ಹೋದ್ರು. ರೂಮಿಗೆ ಬಂದ್ಮೇಲೆ ಇವರು ತಲೆ ಚಚ್ಕಂಡ್ರು. 'ಅವ್ವಾ, ನಾಲ್ಕು ತಾಲೂಕು ನಿನ್ನ ಒಂದು ನಾಲಿಗೇಲಿ ಹೋಯ್ತು' ಅಂದ್ರು. ಅತ್ತೆ ಕಿಟಕಿ ಕಡೆ ತಿರುಗಿ ಕೂತ್ಕಂಡ್ರು. ಇಷ್ಟಾಗ್ತದೆ ಅಂತ ಅವರಿಗೂ ಗೊತ್ತಿರ್ಲಿಲ್ಲ ಅಂತ ಕಾಣ್ತದೆ…

ಹಾಂ, ಭೀಮರಾಜಣ್ಣ ಸುಮ್ನಿರೋ ಆಸಾಮಿನಾ? ಮಾರನೇ ದಿನ ಬಂದು ಭಾಳ ಮರ್ಯಾದೆಯಿಂದ, 'ಕರಿಯಕ್ಕ, ಹಡಗಿನ ಕ್ಯಾಪ್ಟನ್ನು ನಿಮ್ಮ ಕಂಬಳಿ ನೋಡಿ ಖುಷಿಯಾಗವ್ರೆ. ನಾಲ್ಕು ಗಂಟೆಗೆ ಮೇಲಿನ ಅಂತಸ್ತಲ್ಲಿ ನಿಮ್ಮ ಜೊತೆ ಫೋಟೋ ತೆಗೆಸ್ಕೋಬೇಕಂತೆ' ಅಂದ್ರು. ಅತ್ತೆ ಹಸಿರು ರೇಷ್ಮೆ ಸೀರೆ ಉಟ್ಕಂಡ್ರು, ಮೂಗುಬಟ್ಟು ತಿಕ್ಕಿ ಹಾಕ್ಕಂಡ್ರು. ನಂಗೂ ಹೇಳ್ಲಿಲ್ಲ. ಲಿಫ್ಟ್ ಪಕ್ಕದಲ್ಲಿ ಬಾಗಿಲಿನ ಗಾಳಿಗೆ ಎರಡು ಗಂಟೆ ಹೊತ್ತು ಕೂತವ್ರೆ ಕಣಕ್ಕ. ಕ್ಯಾಪ್ಟನ್ನೂ ಇಲ್ಲ, ಯಾರೂ ಇಲ್ಲ. ನಾನು ಹುಡುಕ್ಕೊಂಡು ಹೋದಾಗ ಕೈಕಾಲು ತಣ್ಣಗೆ ಆಗೋಗಿತ್ತು. ನಂಗೆ ಅಳು ಬಂತು…

ಅವರು ಅಳ್ಲಿಲ್ಲ. ಅಷ್ಟರಲ್ಲಿ ಭೀಮರಾಜಣ್ಣ ಮೆಟ್ಲಿನ ಹತ್ರ ಬಗ್ಗಿ ನೋಡಿ, 'ಕರಿಯಕ್ಕ, ಇದು ನನ್ನ ಬಂಡೆ' ಅಂದ್ರು. ಅತ್ತೆ ಒಂದು ಗಳಿಗೆ ನೋಡಿದ್ರು. ಆಮೇಲೆ ನಗಕ್ಕೆ ಸುರುಮಾಡಿದ್ರು ನೋಡು, ಕೆಮ್ಮು ಬರೋವರೆಗೂ. 'ಸರಿಹೋಯ್ತು ಕಣಪ್ಪ, ನಿಂದೂ ಜೋರಾಗೈತೆ' ಅಂತ ಅವರ ಬೆನ್ನಿಗೆ ಒಂದು ಗುದ್ದಿದ್ರು…

ಅಲ್ಲಿಗೆ ಮುಗಿದಿದ್ರೆ ನೀನು ಅಳೋದು ತಪ್ತಿತ್ತು. ಐದನೇ ದಿನ ಹಡಗು ಒಂದು ಚಿಕ್ಕ ಊರಲ್ಲಿ ನಿಲ್ತು. ಅಲ್ಲಿಂದ ಕಾಡೊಳಗೆ ನಡ್ಕಂಡು ಹೋಗಿ ಹೊಳೇಲಿ ಮೀನು ಹಾರೋದು ನೋಡ್ಬೇಕು. ಸಮುದ್ರದಿಂದ ಹೊಳೆಗೆ ಏರಿ ಬರ್ತವೆ ಆ ಮೀನು, ಕೆಂಪಗೆ, ಮೊಳದುದ್ದ. ಎಲ್ಲಾ ಒಟ್ಟಿಗೇ ನಡೀಬೇಕು ಅಂತ ಗೈಡು ಮೂರು ಸಲ ಹೇಳಿದ್ದ. ಯಾರೋ ಶೂ ಲೇಸು ಕಟ್ಕತೀನಿ ಅಂತ ಹಿಂದೆ ಉಳಿದ್ರು, ಗೈಡು ಅವರಿಗೆ ಅಂತ ನಿಂತ. ಮ್ಯಾನೇಜರ್ ಮೋಹನ್ ಕುಮಾರ್ ಸಾರು ಮಾತ್ರ ಮುಂದಕ್ಕೆ ಹೋಗಿ, ಮರದ ದಿಮ್ಮಿ ಮೇಲೆ ಫೋನ್ ಒರಗಿಸಿ, ವಿಡಿಯೋ ಹಾಕಿ, ಅದರ ಮುಂದೆ ನಿಂತು ಮೀನಿನ ಬಗ್ಗೆ ಭಾಷಣ ಮಾಡ್ತಿದ್ರು…

ನನ್ನ ಪಕ್ಕದಲ್ಲಿ ಅತ್ತೆ ಗಕ್ಕಂತ ನಿಂತ್ರು. ಮೂಗು ಅರಳ್ತು. ದಾರಿ ಪಕ್ಕದಲ್ಲಿ ಒಂದು ಮೀನು ಬಿದ್ದಿತ್ತು, ಅರ್ಧ ತಿಂದಿದ್ದು, ಇನ್ನೂ ಬಾಯಿ ಬಿಡ್ತಾ ಇತ್ತು. ನಾನು ಅದನ್ನ ನೋಡಿ ಅಯ್ಯೋ ಪಾಪ ಅಂದೆ, ಅಷ್ಟೇ ನನ್ನ ಬುದ್ಧಿ. ಅತ್ತೆ ಮೆಲ್ಲಗೆ, 'ಸಾಮಿ, ಹಿಂದಕ್ಕೆ ಬನ್ನಿ. ಕರಡಿ ಐತೆ' ಅಂದ್ರು…

ಯಾರು ನಂಬ್ತಾರೆ ಹೇಳು? ಮ್ಯಾನೇಜರು ನಗ್ತಾ, 'ಏನಮ್ಮಾ, ಈ ಸಲ ಬಂಡೆನೋ ಮರಾನೋ?' ಅಂದ್ರು. ಎಲ್ಲಾ ನಕ್ರು. ಭೀಮರಾಜಣ್ಣ, 'ಕಿವಿ ಕಾಣ್ತಾ ಕರಿಯಕ್ಕ?' ಅಂದ್ರು. ಇವರು ಹಲ್ಲು ಕಚ್ಚಿ, 'ಅವ್ವಾ, ಸಾಕು ಮಾಡ್ತೀಯಾ' ಅಂದ್ರು. ಅತ್ತೆ ಇನ್ನೊಂದು ಸಲ ಹೇಳಿದ್ರು, 'ನಿಜ್ವಾಗ್ಲೂ ಐತೆ ಸಾಮಿ, ನಾತ ಬತ್ತಾ ಐತೆ.' ಮ್ಯಾನೇಜರು ಕೇಳ್ಳೇ ಇಲ್ಲ, ಇನ್ನೂ ಎರಡು ಹೆಜ್ಜೆ ಮುಂದೆ ಹೋದ್ರು…

ಆಗ್ಲೇ ಕಣಕ್ಕ ಅತ್ತೆ ಬಿದ್ದಿದ್ದು. ನನ್ನ ಕೈ ಕೊಡವಿ, ದೊಪ್ಪಂತ ಕೂತು, 'ಅಯ್ಯಯ್ಯಪ್ಪೋ! ಕಾಲು ಮುರೀತಲ್ಲಪ್ಪೋ! ಸತ್ನಲ್ಲಪ್ಪೋ!' ಅಂತ ಒಂದೇ ಉಸಿರಿಗೆ ಬಾಯಿ ಬಡ್ಕಂಡ್ರು. ನಂಗೇ ಜೀವ ಬಾಯಿಗೆ ಬಂತು. ಎಲ್ಲಾ ಓಡಿ ಬಂದ್ರು. ಮ್ಯಾನೇಜರೂ ಭಾಷಣ ಬಿಟ್ಟು ಹಿಂದಕ್ಕೆ ಓಡಿ ಬಂದ್ರು, ಫೋನು ಅಲ್ಲೇ ದಿಮ್ಮಿ ಮೇಲೆ. ಇವರು 'ಅವ್ವಾ, ಅವ್ವಾ' ಅಂತ ಮಕ್ಕಳಂಗೆ ಕಾಲು ಹಿಡ್ಕಂಡು ಅಳ್ತವ್ರೆ. ಭೀಮರಾಜಣ್ಣ ಅಲ್ಲಿ ಸಿಗ್ನಲ್ ಇತ್ತು ಅಂತ ಗ್ರೂಪಿಗೆ ಟೈಪ್ ಮಾಡ್ಬುಟ್ರು. ಗಂಭೀರ ಅಂತ ಸೇರಿಸಿದ್ದು ಅವರದೇ ತಲೆ. ಆ ಮೆಸೇಜೇ ಸುತ್ತಿ ಸುತ್ತಿ ಈಗ ನಿಂಗೆ ಸಿಕ್ಕಿರೋದು…

ಇರಕ್ಕ, ಕೇಳು. ಒಂದು ನಿಮಿಷ ಆಗಿರ್ಲಿಲ್ಲ. ಮ್ಯಾನೇಜರು ನಿಂತಿದ್ದ ಜಾಗಕ್ಕೇ, ಪೊದೆ ಸರಿಸ್ಕಂಡು ಬಂತು. ಕರಡಿ. ನಮ್ಮ ಕಡೆ ಕರೀ ಕರಡಿ ಅಲ್ಲ, ಕಂದು, ಹೋರಿಯಷ್ಟು ಎತ್ತರ, ಭುಜದ ಮೇಲೆ ಡುಬ್ಬ. ಅದರ ಹಿಂದೆ ಎರಡು ಮರಿ…

ಹೂಂ. ಮರಿ ಇರೋ ಕರಡಿ ಅಂದ್ರೆ ಏನು ಅಂತ ಈ ಕಡೆ ಬೆಟ್ಟದ ಪಕ್ಕ ಇರೋ ನಮಗೆ ಹೇಳ್ಕೊಡ್ಬೇಕಾ? ಅಷ್ಟರಲ್ಲಿ ಗೈಡು ಬಂದು ಎರಡೂ ಕೈ ಎತ್ತಿ, ಓಡ್ಬೇಡಿ, ಒಟ್ಟಾಗಿ ನಿಂತು ಹಿಂದಿಂದಕ್ಕೆ ಹೆಜ್ಜೆ ಹಾಕಿ ಅಂತ ಮೆತ್ತಗೆ ಹೇಳ್ದ. ಕಾಲು ಮುರಿದ ನಮ್ಮತ್ತೆ ಎದ್ದು, ಮಗನ ರಟ್ಟೆ ಒಂದು ಕೈಲಿ, ಭೀಮರಾಜಣ್ಣನ ರಟ್ಟೆ ಒಂದು ಕೈಲಿ ಹಿಡ್ಕಂಡು ಹಿಂದಕ್ಕೆ ಎಳ್ಕಂಡು ಬಂದ್ರು. ಕರಡಿ ನಮ್ಮನ್ನ ಒಂದು ಸಲ ನೋಡ್ತು. ಮೂಗು ಎತ್ತಿ ಗಾಳಿ ಮೂಸ್ತು. ಆಮೇಲೆ ದಿಮ್ಮಿ ಮೇಲಿದ್ದ ಮ್ಯಾನೇಜರ್ ಫೋನಿಗೆ ಮೂತಿ ಇಟ್ಟು ಪುಸ್ ಅಂತ ಉಸಿರು ಬಿಟ್ಟು, ಮರಿ ಕರ್ಕೊಂಡು ಹೊಳೆಗೆ ಇಳೀತು…

ಸಿಕ್ತು, ಆಮೇಲೆ ಗೈಡು ಹೋಗಿ ತಂದ. ವಿಡಿಯೋ ಪೂರ್ತಿ ಅದರಲ್ಲಿದೆ! ಕರಡಿ ಮೂಗು ಇಷ್ಟು ದಪ್ಪ. ಆದ್ರೆ ಮ್ಯಾನೇಜರು ಯಾರಿಗೆ ತೋರಿಸಿದ್ರೂ ಸೌಂಡ್ ತೆಗೆದೇ ತೋರಿಸೋದು. ಸೌಂಡ್ ಇಟ್ರೆ 'ಏನಮ್ಮಾ, ಬಂಡೆನೋ ಮರಾನೋ' ಅಂತ ಅವರ ಗಂಟಲೇ ಬರ್ತದಲ್ಲ! ಹ್ಹಹ್ಹ… ಇದನ್ನ ಯಾರಿಗೂ ಹೇಳಲ್ಲ ಅಂತ ಇವರ ಹತ್ರ ಮಾತು ತಗಂಡವ್ರೆ. ನನ್ನ ಹತ್ರ ಯಾರೂ ಮಾತು ತಗಂಡಿಲ್ಲ…

ಹಾಂ, ಅದನ್ನೇ ನಾನೂ ಕೇಳ್ದೆ. ಅವತ್ತು ಸಂಜೆ, ಹಡಗಿನ ಮೇಲೆ, ಬಿಸಿಲು ಇನ್ನೂ ಚೆನ್ನಾಗಿತ್ತು. ಅತ್ತೆ ಕಂಬಿ ಹಿಡ್ಕಂಡು ನೀರು ನೋಡ್ತಾ ನಿಂತಿದ್ರು. 'ಅಲ್ಲ ಅತ್ತೆ, ಬೀಳೋದು ಯಾಕೆ? ಜೋರಾಗಿ ಕರಡಿ ಕರಡಿ ಅಂತ ಕೂಗಿದ್ರೆ ಆಗ್ತಿರ್ಲಿಲ್ವಾ?' ಅಂದೆ. ಅವರು ನನ್ನನ್ನೂ ಕಂಬಳಿಯೊಳಗೆ ಎಳ್ಕಂಡ್ರು…

ಆಮೇಲೆ ಹೇಳಿದ್ರು. ನಮ್ಮ ಮಾವನ ಕೆನ್ನೆ ನೆನಪೈತಲ್ಲ ನಿಂಗೆ? ನನ್ನ ಮದುವೇಲಿ ನೋಡಿ ನೀನು ಹೆದರ್ಕೊಂಡಿದ್ದೆ. ಎಡಗಡೆ ಕಣ್ಣಿಂದ ದವಡೆವರೆಗೂ ಕಿತ್ತೋಗಿತ್ತು. ಮಿಡಿಗೇಶಿ ಕಡೆ ಬೆಟ್ಟದಲ್ಲಿ ಕರಡಿ ಹಿಡೀತು ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನು ಅಂದ್ರೆ… ಅತ್ತೆ ಆಗ ಹೊಸಾ ಮದುವಣಗಿತ್ತಿ. ಕುರಿ ಜೊತೆ ಬೆಟ್ಟಕ್ಕೆ ಇಬ್ರೂ ಹೋಗೋರು. ಗಂಡನ್ನ ಹೆದರಿಸಕ್ಕೆ ಅಂತ ಅತ್ತೆ ಆಗಾಗ ಹಿಂದಿನಿಂದ 'ಕರಡಿ ಬಂತು' ಅಂತ ಕೂಗೋದು, ಮಾವ ಮರ ಹತ್ತೋದು, ಅತ್ತೆ ಬಿದ್ದು ಬಿದ್ದು ನಗೋದು. ಅಂಗೆ ಮೂರು ಸಲ ಆಗಿತ್ತಂತೆ. ನಾಲ್ಕನೇ ಸಲ ನಿಜವಾಗ್ಲೂ ಬಂತು. ಅತ್ತೆ ಕೂಗಿದ್ರು. ಮಾವ ಹಿಂದೆ ತಿರುಗಿನೂ ನೋಡ್ದೆ ನಗ್ತಾ ಪೊದೆ ಕಡೆಗೆ ನಡೆದ್ರು…

ಹೂಂ ಕಣಕ್ಕ…

ಮೂವತ್ತೊಂದು ವರ್ಷ ಬದುಕಿದ್ರಲ್ಲ ಮಾವ ಆಮೇಲೆ. ಒಬ್ರ ಹತ್ರಾನೂ ಅತ್ತೆ ಹೆಸರು ಎತ್ತಲಿಲ್ಲ. ಕೇಳಿದೋರಿಗೆಲ್ಲ 'ನಾನೇ ನೋಡ್ಕಳ್ಳಿಲ್ಲ' ಅಂತಿದ್ರಂತೆ. ಹೆತ್ತ ಮಗನಿಗೂ ಗೊತ್ತಿಲ್ಲ. ಅತ್ತೆ ಅವತ್ತಿಂದ ಕರಡಿ ಅನ್ನೋ ಮಾತನ್ನ ತಮಾಷೆಗೆ ಬಾಯಲ್ಲಿ ತಂದಿರ್ಲಿಲ್ಲವಂತೆ. 'ಇಷ್ಟು ದೂರ ಬಂದು ನೀರ ಮ್ಯಾಲೆ ನಿಂತಿದ್ದೀನಿ, ಇನ್ಯಾವ ಕರಡಿ ಅಂತ ಬಾಯಿ ಜಾರ್ತು ಕಣೆ ಯಶೋದ' ಅಂದ್ರು. 'ಕಾಡಲ್ಲಿ ಆ ಸಾಮಿ ನಕ್ಕಂಡು ಮುಂದಕ್ಕೆ ನಡೆದ್ನಲ್ಲ, ನಿಮ್ಮ ಮಾವನ ಬೆನ್ನೇ ಕಂಡಂಗಾಯ್ತು. ಕೂಗಿದ್ರೆ ನಂಬಲ್ಲ. ಬಿದ್ದೋರ ಹತ್ರ ಯಾರಾದ್ರೂ ವಾಪಸ್ ಬತ್ತಾರೆ ಅಂದ್ಕಂಡೆ.' ಅಷ್ಟು ಹೇಳಿ ಕಂಬಳಿ ತುದೀಲಿ ಮೂಗು ಒರೆಸ್ಕಂಡ್ರು…

ಅಳ್ಬೇಡ ಸುಮ್ನಿರು. ಈಗ ತಾನೆ ಸಮಾಧಾನ ಮಾಡಿದ್ದೆ ನಿನ್ನ. ಇವರಿಗೆ ಹೇಳ್ಬೇಡ, ಅತ್ತೆ ಹೇಳೋದಾದ್ರೆ ಅವರೇ ಹೇಳ್ಲಿ…

ನಾಲ್ಕು ತಾಲೂಕಾ? ಹ್ಞಾಂ, ಕೊನೇ ದಿನ ಊಟ. ನಾನಂತೂ ಇವರಿಗೇ ಅಂದ್ಕಂಡಿದ್ದೆ. ಪ್ರಾಣ ಉಳಿಸಿದ್ದಾರಲ್ಲ ಅಂತ. ಮ್ಯಾನೇಜರು ಕವರ್ ತೆಗೆದು ಓದಿದ್ರು, ಭೀಮರಾಜು. ಬೆಂಗಳೂರಲ್ಲೇ ತೀರ್ಮಾನ ಆಗೋಗಿತ್ತಂತೆ, ಸಿರಾದಲ್ಲಿ ಮಾರಾಟ ಜಾಸ್ತಿ ಅಂತ. ಇವರ ಮುಖ ನೋಡಕ್ಕಾಗ್ಲಿಲ್ಲ. ಎಲ್ಲರಿಗಿಂತ ಮೊದ್ಲು ಚಪ್ಪಾಳೆ ಹೊಡೆದಿದ್ದು ಯಾರು ಹೇಳು?… ಹೂಂ, ಅತ್ತೇನೇ! ಮಗನ ಕಡೆ ತಿರುಗಿ, 'ಮುಖ ಎತ್ಲಾ. ಕರಡಿ ತೋರ್ಸಿದ್ದಕ್ಕೆ ತಾಲೂಕು ಇಸ್ಕಂಡ್ರೆ ಅದು ಯಾಪಾರ ಅಂತಾರಾ?' ಅಂದ್ರು…

ಮುಗಿದಿಲ್ಲ, ಕೇಳು. ಭೀಮರಾಜಣ್ಣ ಎದ್ದು ನಿಂತ್ರು. 'ಸಾರ್, ಪಾವಗಡ ನಂಗೆ ಬೇಡ. ಅಲ್ಲಿ ಬರೋರೆಲ್ಲ ತೆಲುಗಲ್ಲಿ ಚೌಕಾಸಿ ಮಾಡ್ತಾರೆ, ನಂಗೆ ಬರಲ್ಲ. ಮಧುಗಿರಿ ಗೋಪಾಲನ ಸ್ವಂತ ಊರು, ಅಲ್ಲಿ ಯಾರೂ ನನ್ನ ಹತ್ರ ತಗಳಲ್ಲ. ಆ ಎರಡು ಅವನಿಗೇ ಬರೀರಿ. ನಂಗೆ ಸಿರಾ, ಕೊರಟಗೆರೆ ಸಾಕು' ಅಂದ್ರು. ಮ್ಯಾನೇಜರು ಗಂಟಲು ಸರಿ ಮಾಡ್ಕಂಡು, ಆಗ್ಲಿ ಅಂತ ಅಲ್ಲೇ ತಿದ್ದಿದ್ರು…

ನಾನೂ ಅಂಗೇ ಅಂದ್ಕಂಡೆ, ಒಳ್ಳೇ ಮನುಷ್ಯ ಅಂತ. ಆದ್ರೆ ಊಟ ಆದ್ಮೇಲೆ ಅತ್ತೆ ಹತ್ರ ಬಂದು ಕಿವೀಲಿ, 'ಕರಿಯಕ್ಕ, ಒಂದು ಉಪಕಾರ. ಸಿರಾದಲ್ಲಿ ಯಾರಾದ್ರೂ ಕೇಳಿದ್ರೆ ನನ್ನ ಸ್ಟೇಟಸ್‌ನಾಗಿರೋದು ಕರಡೀನೇ ಅನ್ಬೇಕು' ಅಂದ್ರು. ಅತ್ತೆ, 'ಕರಡೀನೇ ಕಣಪ್ಪ, ಯಾವನು ಬಂಡೆ ಅಂದೋನು? ಎರಡು ಮರಿ ಬೇರೆ ಇದ್ವಲ್ಲ' ಅಂದ್ರು…

ಹ್ಹಹ್ಹ… ಹೂಂ. ನಾಳಿದ್ದು ಕಾಗದ ಕೈಗೆ ಬರ್ತದೆ ಅಂತ ಇವರು ಇವತ್ತು ನಿದ್ದೆಗಣ್ಣಲ್ಲೇ ಅಂಗಡಿ ಬೋರ್ಡಿಗೆ ಬಣ್ಣ ಹೊಡೆಸಕ್ಕೆ ಹೋಗವ್ರೆ… ಇರು, ಅತ್ತೆ ಬಂದ್ರು. ಯಾರು ಅಂತ ಕೇಳ್ತವ್ರೆ. ಲೋಹಿತಕ್ಕ ಅತ್ತೆ, ಹೊಳವನಹಳ್ಳಿಯಿಂದ… ಫೋನ್ ಕೊಡು ಅಂತವ್ರೆ. ಕೊಡ್ತೀನಿ, ಮಾತಾಡು…

ಹಲೋ… ಯಾರವ್ವ, ಲೋಹಿತಾನಾ?… ಚೆನ್ನಾಗಿವ್ನಿ ಕಣವ್ವ, ನಂಗೇನಾಗೈತೆ, ಗುಂಡುಕಲ್ಲಂಗಿವ್ನಿ… ಅಳ್ಬಾರ್ದು ತಾಯಿ. ಎಲ್ಲಾ ಯೋಳಿದ್ಲಾ ಯಶೋದ?…

ತಂದಿವ್ನಲ್ಲ! ನಿಂಗೆ ತರ್ದೆ ಇರ್ತೀನಾ?… ಸೀರೆ ಅಲ್ಲ ಕಣವ್ವ, ಸೀರೆ ತುಮಕೂರಲ್ಲೂ ಸಿಕ್ತದೆ. ಅಲ್ಲಿ ಮಂಜಿನ ಬೆಟ್ಟ ಬಿತ್ತಲ್ಲ, ಅದ್ರದೇ ಚೂರು. ಸಾವಿರಾರು ವರ್ಷದ್ದಂತೆ, ಒಂದು ಚೂರು ನಾಲಿಗೆ ಮ್ಯಾಲೆ ಇಟ್ಕಂಡ್ರೆ ಮಂಡಿನೋವು ಮಾಯ. ಫ್ರಿಜ್ಜಿನ ಮ್ಯಾಲಿನ ಖಾನೇಲಿ ಇಟ್ಟಿವ್ನಿ. ಮೂರು ದಿನದಿಂದ ಊರೋರೆಲ್ಲ ಬಂದು ಬಂದು ಇಸ್ಕಂಡೋಗ್ತಾವ್ರೆ…

ಖಾಲಿ ಆಗಿಲ್ಲ, ಅದೇ ನೋಡು ಅದ್ರ ಮಹಿಮೆ. ಎಷ್ಟು ತೆಗೆದ್ರೂ ಬೆಳಿಗ್ಗೆ ಅಷ್ಟೇ ಇರ್ತದೆ…

ಆ ನಗೋದು ಯಶೋದ ಕಣವ್ವ, ಅವಳಿಗೆ ಕೆಮ್ಮು. ನೀನು ಅದ್ಕೆಲ್ಲ ಕಿವಿ ಕೊಡ್ಬೇಡ. ನಿಮ್ಮತ್ತೇಗೂ ಮಂಡಿನೋವಲ್ವಾ? ಅವರನ್ನೂ ಕರ್ಕಂಡು ನಾಳೆ ಮೊದಲ್ನೇ ಬಸ್ಸಿಗೇ ಬಂದ್ಬುಡು. ನಿಮ್ಮಿಬ್ರಿಗೂ ಅಂತ ಎರಡು ಚೂರು ಬ್ಯಾರೆ ಎತ್ತಿಟ್ಟಿವ್ನಿ. ತಡ ಮಾಡ್ಬೇಡ ತಾಯಿ, ಇಲ್ಲಿ ಕರೆಂಟು ಹೋದ್ರೆ ಎಲ್ಲಾ ಕರ…